ಹೊಲಿಗೆ ಟೀಚರ್ ಬರೆದ ‘ಆ’

ಗೋಪಾಲಮ್ಮ ಟೀಚರ್ ಈ ಮಾರ್ಚಿನಲ್ಲಿ ನಿವೃತ್ತರಾದರು. ಯಲಹಂಕ ಹಳೇ ಊರಿನ ನಮ್ಮ ಹೈಸ್ಕೂಲಿನವರು ಒಂದು ಶಾಲು, ಒಂದು ಗೋಡೆ ಗಡಿಯಾರ, ಅರ್ಧ ಗಂಟೆ ಭಾಷಣ ಕೊಟ್ಟು ಕಳಿಸಿದರು. ಭಾಷಣದಲ್ಲಿ ಯಾರೋ ‘ಸೌಮ್ಯ ಸ್ವಭಾವದ ಶಿಕ್ಷಕಿ’ ಅಂದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ ನಗು ತಡೆಯಲಾಗಲಿಲ್ಲ. ಒಂಬತ್ತು ವರ್ಷದ ಹಿಂದೆ ಇದೇ ಶಾಲೆಯ ಕಮಿಟಿ ಮುಂದೆ ಆ ಹೆಂಗಸು ನಿಂತ ರೀತಿಯನ್ನು ಕಂಡವರು ಯಾರೂ ಆ ಮಾತು ಆಡುವುದಿಲ್ಲ. ಅವರು ನಿಂತದ್ದು ನಮ್ಮ ಎಂಟು ಜನರಿಗಾಗಿ. ಹಾಗಾಗಿ ಭಾಷಣದವರು ಬಿಟ್ಟದ್ದನ್ನು ನಾನು ಬರೆಯುತ್ತಿದ್ದೇನೆ.

ಟೀಚರ್ ಊರು ಸೋಲದೇವನಹಳ್ಳಿ ಕಡೆ. ಅವರಪ್ಪ ಊರಿನ ಮೇಳದಲ್ಲಿ ತಾಳ ಹಿಡಿದು ಹಾಡಿಸುವ ಭಾಗವತರು. ಇಪ್ಪತ್ತೆರಡಕ್ಕೆ ಗಂಡ ಸತ್ತ ಮೇಲೆ ಟೀಚರ್ ಹೊಲಿಗೆ ಕಲಿತು, ಪರೀಕ್ಷೆ ಕಟ್ಟಿ, ನಮ್ಮ ಶಾಲೆಗೆ ಕ್ರಾಫ್ಟ್ ಟೀಚರಾಗಿ ಬಂದರು. ಶಾಲೆಯಲ್ಲಿ ಕ್ರಾಫ್ಟ್ ಅಂದರೆ ಯಾರಿಗೂ ಬೇಡದ ಪೀರಿಯಡ್. ಹುಡುಗಿಯರಿಗೆ ಕಾಜಾ ಗುಂಡಿ, ಹುಡುಗರಿಗೆ ಗಿಡಕ್ಕೆ ನೀರು. ಅದರ ಜೊತೆಗೆ ಅವರು ಯಾರೂ ಕೇಳದೆ ಮೈಮೇಲೆ ಹಾಕಿಕೊಂಡ ಕೆಲಸ ನಾಟಕ.

ಶಾಲೆಯ ದೇವರು ಕಬಡ್ಡಿ. ಕಮಿಟಿ ಅಧ್ಯಕ್ಷರು ಚಿಕ್ಕಬೈರಪ್ಪನವರು, ಕೆರೆ ಕೆಳಗೆ ಹದಿನೆಂಟು ಎಕರೆ ಗದ್ದೆ ಇದ್ದ ಗೌಡರು, ವಯಸ್ಸಿನಲ್ಲಿ ತೊಡೆ ತಟ್ಟಿ ಆಡಿದವರು. ಹಾಗಾಗಿ ಕಬಡ್ಡಿ ಹುಡುಗರಿಗೆ ಬೆಳಿಗ್ಗೆ ಹಾಲು, ಬಾಳೆಹಣ್ಣು, ತಿನ್ನುವವರಿಗೆ ಮೊಟ್ಟೆ. ಬನಿಯನ್ನು, ಚಡ್ಡಿ, ಬಸ್ಸು, ಊರಿಗೆಲ್ಲ ಕಾಣುವ ಮೈದಾನ ಅವರಿಗೆ. ನಾಟಕದವರಿಗೆ ಮೈದಾನದ ಆಚೆ ತುದಿಯ ಸಾಮಾನು ಕೋಣೆ. ಅದರಲ್ಲಿ ಅರ್ಧ ಜಾಗ ಕಬಡ್ಡಿ ಅಂಕಣಕ್ಕೆ ಗೆರೆ ಎಳೆಯುವ ಸುಣ್ಣದ ಮೂಟೆಗಳದು. ರಾಜನ ಪಾರ್ಟು ಮಾಡುವವನು ಕಾಲು ಝಾಡಿಸಿದರೆ ಮಂತ್ರಿ ಕೆಮ್ಮುತ್ತಿದ್ದ. ಆ ವರ್ಷ ನಾವು ಅಂತರಶಾಲಾ ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಗೆದ್ದೆವು, ಕಬಡ್ಡಿಯವರು ತಾಲ್ಲೂಕಿನ ಮೊದಲ ಸುತ್ತಿನಲ್ಲೇ ಸೋತು ಬಂದರು. ನಮ್ಮ ಕಪ್ಪನ್ನು ಹೆಡ್‌ಮಾಸ್ಟರು ಕ್ರೀಡಾ ಬೀರುವಿನೊಳಗೆ ಇಟ್ಟರು. ಅತಿಥಿಗಳು ಬಂದರೆ ಅದನ್ನೂ ಕಬಡ್ಡಿ ಕಪ್ಪು ಅಂತಲೇ ತೋರಿಸುತ್ತಿದ್ದರು.

ಕಬಡ್ಡಿ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರೂ ನಮ್ಮ ಹಾಗೆ ಹರಿದ ಅಂಗಿಯವರು. ಎಷ್ಟೋ ದಿನ ತಮ್ಮ ಬಾಳೆಹಣ್ಣು ಮುರಿದು ನನಗೂ ಕೊಟ್ಟಿದ್ದಾರೆ.

ವಿಷಯ ಹಾಜರಿಯದು. ೧೯೭೮ರ ಜೂನಿನಲ್ಲಿ ಒಂದು ನೋಟಿಸ್ ಎಲ್ಲ ತರಗತಿಗೂ ಬಂತು: ‘ಶಾಲೆಯ ಪರವಾಗಿ ಆಟಕ್ಕೆ ಹೋದ ವಿದ್ಯಾರ್ಥಿಗಳ ಹೆಸರಿನ ಮುಂದೆ ಆ ಎಂದು ಗುರುತಿಸುವುದು. ಅದನ್ನು ಹಾಜರಿ ಎಂದೇ ಪರಿಗಣಿಸತಕ್ಕದ್ದು.’ ಬಂದವರಿಗೆ ‘ಹಾ’, ಬರದವರಿಗೆ ‘ಗೈ’, ಆಟಕ್ಕೆ ಹೋದವರಿಗೆ ‘ಆ’. ನಮ್ಮ ಹತ್ತನೇ ತರಗತಿ ಸಿ ವಿಭಾಗಕ್ಕೆ ವಾರದಲ್ಲಿ ನಾಲ್ಕು ದಿನ ಊಟದ ನಂತರ ಕ್ರಾಫ್ಟು, ಅದರ ಬೆನ್ನಿಗೆ ಡ್ರಿಲ್ಲು. ಮಧ್ಯಾಹ್ನದ ಹಾಜರಿ ಹಿಡಿಯುವವರು ಗೋಪಾಲಮ್ಮ ಟೀಚರ್. ಸಂಜೆ ನಾಲ್ಕಕ್ಕೆ ಸಾಮಾನು ಕೋಣೆಗೆ ಬೀಗ ಬೀಳುತ್ತಿದ್ದುದರಿಂದ ನಾವು ಎಂಟು ಜನ ಊಟ ಮುಗಿಸಿ ನೇರ ಅಲ್ಲಿಗೇ ಹೋಗುತ್ತಿದ್ದೆವು. ಟೀಚರ್ ತರಗತಿಯಲ್ಲಿ ಹೆಸರು ಕೂಗಿ, ಉಳಿದವರಿಗೆ ಕೆಲಸ ಹಚ್ಚಿ, ಆಮೇಲೆ ನಮ್ಮ ಹತ್ತಿರ ಬರುತ್ತಿದ್ದರು.

ನಮ್ಮ ಹೆಸರಿನ ಮುಂದೆ ‘ಹಾ’ ಗೀಚಿದ್ದರೆ ಯಾರ ಅಪ್ಪನಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಎದುರಿಗೆ ಕೂತಿಲ್ಲದವರಿಗೆ ‘ಹಾ’ ಬರೆಯುವ ಕೈ ಅಲ್ಲ ಅದು. ‘ಆ’ ಬರೆದರು. ಅವರ ಊರಿನಲ್ಲಿ ‘ನಾಟಕ’ ಅನ್ನುವುದು ಪಟ್ಟಣದವರ ಮಾತು. ಬಣ್ಣ ಹಚ್ಚಿ, ಗೆಜ್ಜೆ ಕಟ್ಟಿ ಕುಣಿದರೆ ಅದಕ್ಕೆ ಇದ್ದ ಹೆಸರು ಒಂದೇ, ಆಟ. ನೋಟಿಸಿನಲ್ಲಿ ಆ ಮಾತು ಕಂಡಾಗ ಅವರು ಹಿಗ್ಗಿ ನಮಗೆ ಹೇಳಿದ್ದು ನೆನಪಿದೆ:

‘ನೋಡ್ರೋ, ಈ ವರ್ಷ ಹೆಡ್‌ಮಾಸ್ಟ್ರು ನಮ್ಮನ್ನೂ ಲೆಕ್ಕಕ್ಕೆ ತಗೊಂಡವ್ರೆ!’

ಪಾಪ, ಆರು ತಿಂಗಳು ಅದೇ ಖುಷಿಯಲ್ಲಿ ‘ಆ’ ‘ಆ’ ಅಂತ ಬರೆದರು.

ಜನವರಿಯಲ್ಲಿ ಎಸ್ಸೆಸ್ಸೆಲ್ಸಿಗೆ ಹಾಜರಿ ಪಟ್ಟಿ ಮಾಡುವಾಗ ಗುಮಾಸ್ತರ ಕಣ್ಣಿಗೆ ಬಿತ್ತು. ಕ್ರೀಡಾ ಪಟ್ಟಿಯಲ್ಲಿ ಇಲ್ಲದ ಎಂಟು ಹೆಸರಿಗೆ ತಲಾ ಎಂಬತ್ತು ಚಿಲ್ಲರೆ ‘ಆ’. ಅವನ್ನೆಲ್ಲ ‘ಗೈ’ ಮಾಡಿದರೆ, ಜ್ವರ, ಹಬ್ಬ, ಹೊಲದ ಕೆಲಸ ಅಂತ ತಪ್ಪಿಸಿಕೊಂಡದ್ದೂ ಸೇರಿ, ಎಂಟು ಜನರೂ ಶೇಕಡ ಎಪ್ಪತ್ತೈದರ ಕೆಳಗೆ. ಅಂದರೆ ಹಾಲ್‌ಟಿಕೆಟ್ ಇಲ್ಲ, ಪರೀಕ್ಷೆ ಇಲ್ಲ.

ಮುಂದಿನ ವರ್ಷ ಬರೆದರಾಯಿತು ಅನ್ನುವವರು ಇದ್ದಾರೆ. ನಮ್ಮಲ್ಲಿ ಮುಂದಿನ ವರ್ಷ ಅನ್ನುವುದು ಇರಲಿಲ್ಲ. ನಮ್ಮಪ್ಪ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುವವನು. ‘ಈ ಸಲ ಬರ್ದ್ರೆ ಬರ್ದೆ, ಇಲ್ದಿದ್ರೆ ಏಪ್ರಿಲ್ಲಿಂದ ನನ್ನ ಜೊತೆ ಬಾ’ ಅಂತ ಮೊದಲೇ ಹೇಳಿಬಿಟ್ಟಿದ್ದ. ರಾಣಿ ಪಾರ್ಟಿನ ಗಂಗಾದೇವಿಗೆ ದೊಡ್ಡಬಳ್ಳಾಪುರದ ಕಡೆಯಿಂದ ಗಂಡು ನೋಡಿ ಹೋಗಿದ್ದರು. ಪರೀಕ್ಷೆ ಇದೆ ಅನ್ನುವ ಒಂದೇ ನೆಪದ ಮೇಲೆ ಆ ಮದುವೆ ತಡೆದು ನಿಂತಿತ್ತು.

ಹೆಡ್‌ಮಾಸ್ಟರು ವೇಣುಗೋಪಾಲ ಅವರು ಟೀಚರನ್ನು ರಿಜಿಸ್ಟರ್ ಸಮೇತ ಕರೆಸಿದರು. ರಿಜಿಸ್ಟರ್ ಹೊತ್ತುಕೊಂಡು ಹೋದವನು ನಾನೇ. ಬಾಗಿಲಲ್ಲೇ ನಿಂತೆ.

‘ಏನ್ರೀ ಇದು? ನಾಟಕದವರಿಗೆಲ್ಲ ಆ ಅಂತ ಬರ್ದಿದೀರಲ್ಲ?’

‘ಆಟಕ್ಕೆ ಹೋದವರಿಗೆ ಬರೀರಿ ಅಂದಿದ್ರಲ್ಲ, ಸಾರ್.’

‘ಅಯ್ಯೋ, ಆಟ ಅಂದ್ರೆ ಕ್ರೀಡೆ ಕಣ್ರೀ! ಆಯ್ತು, ಆಗಿದ್ದಾಯ್ತು. ಕೈತಪ್ಪಿನಿಂದ ಆಯಿತು ಅಂತ ಒಂದು ಸಾಲು ಬರ್ದುಕೊಡಿ. ನಿಮಗೇನೂ ಆಗದ ಹಾಗೆ ನಾನು ನೋಡ್ಕೋತೀನಿ.’

‘ಮಕ್ಕಳಿಗೆ?’

‘ಅವರು ಮುಂದಿನ ವರ್ಷ ಕೂತ್ಕೋತಾರೆ.’

‘ಮುಂದಿನ ವರ್ಷ ಗಂಗಾದೇವಿ ಬಾಣಂತಿ ಕೋಣೇಲಿ ಕೂತಿರ್ತಾಳೆ, ಸಾರ್.’

ವೇಣುಗೋಪಾಲ ಕೆಟ್ಟವರಲ್ಲ, ಹೆದರುಪುಕ್ಕಲು. ಮೇಲಿನವರು ಬಂದು ರಿಜಿಸ್ಟರ್ ನೋಡಿದರೆ ಸುಳ್ಳು ಹಾಜರಿ ಅಂತ ಕೆಲಸಕ್ಕೇ ಕುತ್ತು, ಇಬ್ಬರಿಗೂ. ಅದನ್ನೂ ಹೇಳಿದರು. ಟೀಚರ್ ಪೆನ್ನಿನ ಮುಚ್ಚಳ ಹಾಕಿದರು.

‘ತಪ್ಪಾಗಿದ್ರೆ ಬರ್ದುಕೊಡ್ತಿದ್ದೆ. ಆಗಿಲ್ಲ. ಬರೆಯಲ್ಲ.’

ಮುಂದೆ ನಾನು ಚಳವಳಿಗೆ ಬಿದ್ದೆ. ಭಾಷೆಗಾಗಿ ಬೀದಿಗಿಳಿದೆ, ಕಾರ್ಖಾನೆ ಗೇಟಿನ ಮುಂದೆ ಕೂತೆ, ಲಾಠಿ ತಿಂದೆ. ಒಮ್ಮೆ ಯಶವಂತಪುರದ ಕಡೆ ಠಾಣೆಯಲ್ಲಿ ಕೂರಿಸಿಕೊಂಡು, ‘ತಪ್ಪಾಯ್ತು, ಇನ್ನು ಮಾಡಲ್ಲ ಅಂತ ಮುಚ್ಚಳಿಕೆ ಬರ್ಕೊಟ್ಟು ಮನೆಗೆ ಹೋಗು’ ಅಂದರು. ಕೂಗಿದ ಘೋಷಣೆ ಒಂದೂ ನೆನಪಾಗಲಿಲ್ಲ. ನೆನಪಿಗೆ ಬಂದದ್ದು ಟೀಚರ್ ಪೆನ್ನಿನ ಮುಚ್ಚಳ ಹಾಕಿದ ಸದ್ದು. ನಾನೂ ಬರೆಯಲಿಲ್ಲ. ಅದಕ್ಕೆ ನಾನು ಅವರಿಗೆ ಋಣಿ.

ವಿಷಯ ಕಮಿಟಿಗೆ ಹೋಯಿತು. ಭಾನುವಾರ ಬೆಳಿಗ್ಗೆ ಹೆಡ್‌ಮಾಸ್ಟರ ಕೋಣೆಯಲ್ಲಿ ಸಭೆ. ಒಳಗೆ ಚಿಕ್ಕಬೈರಪ್ಪ, ಇನ್ನಿಬ್ಬರು ಸದಸ್ಯರು, ಹೆಡ್‌ಮಾಸ್ಟರು, ಡ್ರಿಲ್ ಮೇಷ್ಟ್ರು ದಸ್ತಗೀರ್, ಗೋಪಾಲಮ್ಮ ಟೀಚರ್. ಟೀಚರಿಗೆ ಕುರ್ಚಿ ಹಾಕಿರಲಿಲ್ಲ. ಕಿಟಕಿಯ ಹೊರಗೆ ನಾವು ಎಂಟು ಜನ, ನಮ್ಮ ಅಪ್ಪ ಅಮ್ಮಂದಿರು. ನಮ್ಮಪ್ಪ ತಲೆಯ ಮೇಲಿನ ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ.

ಚಿಕ್ಕಬೈರಪ್ಪನವರೇ ಶುರು ಮಾಡಿದರು.

‘ಏನಮ್ಮಾ ಟೀಚರಮ್ಮ, ಕಬಡ್ಡಿಗೂ ಕುಣಿತಕ್ಕೂ ವ್ಯತ್ಯಾಸ ಗೊತ್ತಾಗಾಕಿಲ್ವಾ ನಿಂಗೆ?’

‘ಗೊತ್ತು, ಗೌಡ್ರೇ. ಕಬಡ್ಡೀಲಿ ಉಸಿರು ಹಿಡೀಬೇಕು. ನಮ್ಮದ್ರಲ್ಲಿ ಬಿಡಬೇಕು.’

ಕಿಟಕಿಯಲ್ಲಿ ನಗು ಕಿತ್ತುಕೊಂಡು ಬಂತು.

‘ಯಾವನ್ಲಾ ಅವ್ನು ನಗೋನು? ನೋಡಮ್ಮಾ, ನೋಟಿಸ್ನಾಗೆ ಏನ್ ಬರ್ದೈತೆ? ಆಟಕ್ಕೆ ಓದ ಉಡುಗ್ರಿಗೆ ಅಂತ.’

‘ನಾನೂ ಅದನ್ನೇ ಓದಿದ್ದು. ಗೌಡ್ರೇ, ಹೋದ ವರ್ಷ ಸುಗ್ಗಿ ಆದ್ಮೇಲೆ ನಿಮ್ಮ ಕಣದಲ್ಲಿ ಚಪ್ಪರ ಹಾಕ್ಸಿ, ಗ್ಯಾಸ್‌ಲೈಟ್ ಕಟ್ಸಿ, ಭೀಮನ ವೇಷ ಕುಣಿಸಿದ್ರಿ. ಊರಿಗೆ ಟಾಂಟಾಂ ಹೊಡಿಸಿದ್ರಲ್ಲ, ಏನಂತ ಹೊಡಿಸಿದ್ರಿ?’

ಗೌಡರ ಕೈ ಮೀಸೆಗೆ ಹೋಯಿತು. ಹೊರಗಿನಿಂದ ಗಂಗಾದೇವಿಯ ತಾಯಿ ಲಕ್ಷ್ಮಿದೇವಮ್ಮ ಕಿಟಕಿ ಸರಳು ಹಿಡಿದು ಕೂಗಿದಳು:

‘ಆಟ ಐತೆ, ಎಲ್ರೂ ಬರ್ರೀ ಅಂತ್ಲೇ ಒಡ್ಸಿದ್ದು! ನಾನೂ ಬಂದಿದ್ದೆ, ಚಾಪೆ ತಂದು!’

‘ಏ, ಸುಮ್ಕಿರಮ್ಮೋ! ಅದು ಊರಾಟ. ಇದು ಇಸ್ಕೂಲು’ ಅಂದರು ಗೌಡರು. ಆದರೆ ದನಿಯಲ್ಲಿ ಮೊದಲಿನ ಬಿರುಸು ಇರಲಿಲ್ಲ.

ಹೆಡ್‌ಮಾಸ್ಟರು ಸಹಾಯಕ್ಕೆ ಬಂದರು. ‘ಸಾರ್, ಅದೆಲ್ಲ ಆಡುಮಾತು. ನೋಟಿಸ್ ಅಂದ್ಮೇಲೆ ಉದ್ದೇಶ ಮುಖ್ಯ. ಉದ್ದೇಶ ಕ್ರೀಡೆ.’

ಆಗ ದಸ್ತಗೀರ್ ಮೇಷ್ಟ್ರು ಎದ್ದರು. ಅವರು ಏಳಬೇಕಾಗಿರಲಿಲ್ಲ. ಅವರ ಹುಡುಗರ ಹಾಲಿಗೆ, ಹಾಜರಿಗೆ ಯಾವ ತೊಂದರೆಯೂ ಇರಲಿಲ್ಲ. ಗೌಡರ ಎದುರು ಬಾಯಿ ಬಿಟ್ಟರೆ ಅವರಿಗೇ ನಷ್ಟ.

‘ನೋಟಿಸ್ ಬರೆದೋನು ನಾನು, ಸಾರ್. ಮೊದಲು ಕ್ರೀಡೆ ಅಂತಲೇ ಬರ್ದಿದ್ದೆ. ಕ್ರೀ ಅಂತ ಹಾಕೋಕೆ ರಿಜಿಸ್ಟರ್ ಚೌಕದಲ್ಲಿ ಜಾಗ ಸಾಲಲ್ಲ, ಒತ್ತು ಕೆಳಗಿನ ಹೆಸರಿಗೆ ತಾಗುತ್ತೆ ಅಂತ ಹೆಡ್‌ಮಾಸ್ಟರ್ ಸಾಹೇಬ್ರೇ ಹೊಡೆದು ಆಟ ಮಾಡಿಸಿದ್ರು. ಕರಡು ಪ್ರತಿ ನನ್ನ ಹತ್ರ ಇದೆ. ಅವರ ಕೈಬರಹ.’

ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಚಿಕ್ಕಬೈರಪ್ಪ ಮೊದಲು ಅವರನ್ನು ನೋಡಿದರು, ಆಮೇಲೆ ಟೀಚರನ್ನು, ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕರು.

‘ಅಲ್ಲಾ ಎಡ್‌ಮಾಸ್ಟ್ರೇ, ಚೌಕದಾಗೆ ಜಾಗ ಸಾಲ್ದೆ ಓಯ್ತು ಅಂತ ಎಂಟು ಉಡುಗ್ರ ವರ್ಷ ಮಣ್ಣು ಮಾಡಾಕಾಯ್ತದಾ? ನೀವೇ ಆಟ ಅಂದ್ರಿ, ಆಯಮ್ಮ ಆಟ ಅಂದ್ಲು. ಈ ವರ್ಷ ಆ-ನೇ ಇರ್ಲಿ. ಮುಂದಿನ ವರ್ಷದಿಂದ ಸಣ್ಣಕ್ಕೆ ಬರ್ಕಳಿ, ಸಾಲ್ತದೆ.’

ಪಟ್ಟಿ ಹಾಗೇ ಹೋಯಿತು. ಹಾಲ್‌ಟಿಕೆಟ್ ಬಂದ ದಿನ ಲಕ್ಷ್ಮಿದೇವಮ್ಮ ಮಗಳ ಹಾಲ್‌ಟಿಕೆಟ್ಟನ್ನು ದೇವರ ಪಟದ ಹಿಂದೆ ಸಿಕ್ಕಿಸಿ, ಗಂಡಿನ ಕಡೆಯವರಿಗೆ ಇನ್ನಾರು ತಿಂಗಳು ಬರಬೇಡಿ ಅಂತ ಹೇಳಿ ಕಳಿಸಿದಳು. ಅವರು ಬೇರೆ ಕಡೆ ನೋಡಿಕೊಂಡರು.

ಗೆದ್ದೆವು ಅಂತ ಡಂಗುರ ಹೊಡೆಯುವ ಹಾಗಿಲ್ಲ. ಜೂನಿನಲ್ಲಿ ಹೊಸ ನೋಟಿಸ್ ಬಂತು, ಅದರಲ್ಲಿ ‘ಕ್ರೀ’ ಇತ್ತು. ಸಾಮಾನು ಕೋಣೆಯ ಬೀಗದ ಕೈ ಟೀಚರಿಗೆ ಕೊಡಬಾರದು ಅಂತಾಯಿತು. ಮಧ್ಯಾಹ್ನದ ಹಾಜರಿ ಬೇರೆಯವರಿಗೆ ಹೋಯಿತು. ಆರು ವರ್ಷ ಆ ಶಾಲೆಯಲ್ಲಿ ಯಾರೂ ಬಣ್ಣ ಹಚ್ಚಲಿಲ್ಲ. ಪ್ರತಿ ಜೂನಿನಲ್ಲಿ ಟೀಚರ್ ಒಂದು ಅರ್ಜಿ ಬರೆಯುತ್ತಿದ್ದರು, ಪ್ರತಿ ಜುಲೈಯಲ್ಲಿ ಅದು ವಾಪಸ್ ಬರುತ್ತಿತ್ತು. ಏಳನೆಯದಕ್ಕೆ, ಹೊಸ ಹೆಡ್‌ಮಾಸ್ಟರ ಕಾಲದಲ್ಲಿ, ವಾರಕ್ಕೆ ಎರಡು ಸಂಜೆ ಸಿಕ್ಕಿತು. ಹೀಗೆಲ್ಲ ಆಗುತ್ತದೆ ಅಂತ ಆ ಭಾನುವಾರವೇ ಅವರಿಗೆ ಗೊತ್ತಿತ್ತು. ಒಂದು ಸಾಲು ಬರೆದುಕೊಟ್ಟಿದ್ದರೆ ಅವರ ನಾಟಕ ಉಳಿಯುತ್ತಿತ್ತು, ನಾವು ಹೋಗುತ್ತಿದ್ದೆವು.

ಎಂಟರಲ್ಲಿ ಆರು ಜನ ಪಾಸಾದರು. ಗಂಗಾದೇವಿ ಸೆಕೆಂಡ್ ಕ್ಲಾಸು. ಈಗ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು, ಮದುವೆ ತಾನೇ ನೋಡಿ ಆದಳು. ನಾನು ಗಣಿತದಲ್ಲಿ ಹೋದೆ. ಅವಮಾನಕ್ಕೆ ಟೀಚರಿಗೆ ಮುಖ ತೋರಿಸದೆ ಕೆರೆ ಏರಿ ಮೇಲೆ ಓಡಾಡಿಕೊಂಡಿದ್ದೆ. ಅವರೇ ಗೂಡ್ಸ್ ಶೆಡ್ಡಿಗೆ ಹೋಗಿ ನಮ್ಮಪ್ಪನ ಹತ್ತಿರ ಮಾತಾಡಿದರು.

‘ಪರೀಕ್ಷೆ ಬರ್ದವನು ಫೇಲಾಗಿರೋದು ಕಣಪ್ಪ, ಬರೀದೇ ಇದ್ದವನಲ್ಲ. ಅಕ್ಟೋಬರ್‌ಗೆ ಕಟ್ಸು. ಅಲ್ಲಿವರ್ಗೂ ಅವನ ಹೆಗಲ ಮೇಲೆ ಮೂಟೆ ಇಡಬೇಡ.’

ನಮ್ಮಪ್ಪ ಯಾರ ಮಾತೂ ಕೇಳದವನು. ಆವತ್ತು ಕೇಳಿದ.

ಅಕ್ಟೋಬರ್ ಪರೀಕ್ಷೆಯ ಅಂಕಪಟ್ಟಿ ಕೈಗೆ ಬಂದ ದಿನ ಅವರ ಮನೆಗೆ ಓಡಿದೆ. ಅವರು ಮೆಷಿನ್ ಮುಂದೆ ಕೂತು ಯಾರದೋ ಲಂಗಕ್ಕೆ ಅಂಚು ಹೊಡೆಯುತ್ತಿದ್ದರು. ಪೆಡಲ್ ಮೇಲಿನ ಕಾಲು ನಿಲ್ಲಿಸಿ, ಪಟ್ಟಿಯನ್ನು ಬೆಳಕಿಗೆ ಹಿಡಿದು ಬೆರಳಿಟ್ಟು ಓದಿದರು.

‘ಗಣಿತ ಮೂವತ್ತಾರಾ?’

‘ಹೂಂ, ಟೀಚರ್.’

‘ಮೂವತ್ತೈದು ಸಾಕಾಗಿತ್ತಲ್ಲೋ’ ಅಂದರು. ‘ಕೂತ್ಕೋ, ಕಾಫಿ ಇಡ್ತೀನಿ.’