ಅಂಜಿನಮ್ಮನ ಲೂಸು

ಅಂಜಿನಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ಒಂದು ಪದ ಬರುತ್ತದೆ, ಅದರಲ್ಲೇ ಅವರು ಸಂಸಾರ ಸಾಗಿಸುತ್ತಾರೆ. ಹೊಲಿಗೆ ಮಿಷನ್ನಿನ ಬೆಲ್ಟು ಲೂಸು. ಅಂಗಡಿಯ ಬಲ್ಬು ಮಿಣುಕಿದರೆ ವೈರು ಲೂಸು. ಕೂದಲು ಹರಡಿಕೊಂಡು ಬರುವ ಕಾಲೇಜು ಹುಡುಗಿಯರಿಗೆ, "ಹಿಂಗೆ ಲೂಸ್ ಬಿಟ್ಕೊಂಡ್ರೆ ಮಿಷನ್ನಿಗೆ ಸಿಕ್ಕಾಕೊಳ್ತದೆ, ಕಟ್ಟವ್ವ" ಎಂಬ ಗದರಿಕೆ. ಕೃಷ್ಣರಾಜಪುರದ ಸಂತೆಯಿಂದ ಗಂಡ ಕೊಳೆತ ಟೊಮೆಟೊ ತಂದ ದಿನ ಆತನೂ ಲೂಸು.

ಕಗ್ಗದಾಸಪುರ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿಗೆ ಸೊಸೆಯಾಗಿ ಬಂದವರು. ಈಗ ಅಪಾರ್ಟ್‌ಮೆಂಟೊಂದರ ಪಕ್ಕದ ಪುಟ್ಟ ಅಂಗಡಿಯಲ್ಲಿ ಕೂತು ನಮ್ಮ ಫ್ಯಾಕ್ಟರಿ ಕಾಲೋನಿಯ ಹೆಂಗಸರಿಗೆಲ್ಲ ಬ್ಲೌಸ್ ಹೊಲಿಯುತ್ತಾರೆ. ಕೈ ಬಂಗಾರ, ಬಾಯಿಗೆ ಮಾತ್ರ ಬೀಗವಿಲ್ಲ.

ಅವರ ಹತ್ತಿರ ಯಾರೂ ಟೇಪು ಹಿಡಿಸಿಕೊಳ್ಳುವುದಿಲ್ಲ. ಸರಿಯಾಗಿ ಕೂರುವ ಹಳೆಯ ಬ್ಲೌಸ್ ಒಂದನ್ನು ಅಳತೆಗೆ ಕೊಟ್ಟು ಬರುವುದೇ ರೂಢಿ. ನನ್ನ ಓರಗಿತ್ತಿ ಶಾಂತಕುಮಾರಿ ಅಕ್ಕನೂ ಮಗಳು ಶರ್ವಾಣಿಯ ನಿಶ್ಚಿತಾರ್ಥಕ್ಕೆಂದು ಹಾಗೇ ಕೊಟ್ಟರು. ಆದರೆ ಅದು ಕಾಯಿಲೆಗೆ ಮುಂಚಿನ ಬ್ಲೌಸ್. ಹೋದ ವರ್ಷ ಆಪರೇಷನ್ನಿನಲ್ಲಿ ಅಕ್ಕನ ಎಡಗಡೆಯ ಎದೆ ತೆಗೆದಿದ್ದರು. ಆಮೇಲಿನ ಇಂಜೆಕ್ಷನ್ನುಗಳಿಗೆ ಮೈ ಅರ್ಧವಾಗಿತ್ತು. "ಯಾರಿಗೂ ಹೇಳ್ಬೇಡ" ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಹಳೆಯ ಅಳತೆ ಕೊಟ್ಟರೆ ಏನೂ ಆಗಿಲ್ಲ ಎಂದಾಗುತ್ತದೆಯೇ? ಅಕ್ಕನಿಗೆ ಯಾರು ಹೇಳಬೇಕು.

ಹೊಲಿದದ್ದನ್ನು ಹಾಕಿ ನೋಡಲು ಇಬ್ಬರೂ ಹೋದೆವು. ಅಕ್ಕ ಪರದೆ ಸರಿಸಿ ಹೊರಗೆ ಬಂದಿದ್ದೇ ತಡ, ಅಂಜಿನಮ್ಮ ಅಂಗಡಿಯಿಡೀ ಕೇಳುವಂತೆ ಕೂಗಿದರು: "ಅಯ್ಯೋ, ಒಂದ್ ಕಡೆ ಪೂರ್ತಿ ಲೂಸು! ಏನ್ ತಾಯಿ, ಬೇರೆ ಯಾರ್ದೋ ಬ್ಲೌಸ್ ಅಳತೆಗೆ ಕೊಟ್ಬಿಟ್ರಾ?"

ಅಲ್ಲಿದ್ದ ಇಬ್ಬರು ಗಿರಾಕಿಗಳು ನಕ್ಕರು. ಅಕ್ಕ ಸೆರಗು ಎಳೆದುಕೊಂಡು, ಚಪ್ಪಲಿ ಮೆಟ್ಟಿ ಮನೆಗೆ ನಡೆದರು. ಮನೆ ತಲುಪಿದ ಮೇಲೆ ನನಗೆ, "ತಾಂಬೂಲದ ತಟ್ಟೆ ಬದಲಾಯಿಸೋಕೆ ನೀನೇ ಕೂತ್ಕೋ. ನಾನು ಹಾಲ್‌ಗೆ ಬರಲ್ಲ" ಎಂದರು. ಹೆತ್ತ ತಾಯಿ ಇದ್ದೂ ನಾನು ಕೂರುವುದೇ? ಒಳಗೆ ಶರ್ವಾಣಿ ಬಿಕ್ಕುವುದು ಕೇಳಿಸುತ್ತಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕನಿಗೆ ಕೊಟ್ಟ ಮಾತನ್ನು ಪಕ್ಕಕ್ಕಿಟ್ಟು, ತಿರುಗಿ ಅಂಗಡಿಗೆ ಹೋಗಿ, ಅಂಜಿನಮ್ಮನನ್ನು ಹೊರಗೆ ಕರೆದು ಎಲ್ಲ ಹೇಳಿ ಚೆನ್ನಾಗಿ ಬೈದೆ. ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಿಂತುಬಿಟ್ಟರು. "ನನ್ ಬಾಯಿಗೊಂದು ಹೊಲಿಗೆ ಹಾಕ್ಕೋಬೇಕಿತ್ತು ಕಣವ್ವ" ಎಂದರು, ಕಣ್ಣಲ್ಲಿ ನೀರು.

ಮಾರನೆಯ ಮಧ್ಯಾಹ್ನ, ಮದುವೆ ಸೀಸನ್ನಿನ ನಡುವೆ, ಅಂಗಡಿಯ ಶಟರ್ ಎಳೆದು ಅಂಜಿನಮ್ಮ ನಮ್ಮ ಮನೆಗೆ ಬಂದರು. ಯಾರ ಮನೆಗೂ ಹೋಗಿ ಹೊಲಿದವರಲ್ಲ. ಸೀದಾ ಅಕ್ಕನ ಕೋಣೆಗೆ ಹೋಗಿ ಕೈ ಹಿಡಿದುಕೊಂಡರು. ಹಿಂದೆಯೇ ನಾನೂ ಹೋದೆ.

"ತಪ್ಪಾಯ್ತು ತಾಯಿ. ನೀವು ಬೈರಿ, ಬೈಸ್ಕೊಂತೀನಿ. ಆದ್ರೆ ಮಗಳ ಪಕ್ಕ ನೀವೇ ಕೂರ್ಬೇಕು."

"ಬೇಡ ಅಂಜಿನಮ್ಮ. ಏನು ಹಾಕಿದ್ರೂ ನೇತಾಡುತ್ತೆ. ಜನ ನೋಡ್ತಾರೆ."

"ನೋಡ್ಲಿ. ನಾನ್ ಹೊಲ್ದಿದ್ದನ್ನ ನೋಡ್ದೆ ಹೋದ್ರೆ ನಂಗೇ ಬೇಜಾರು."

ಅಕ್ಕನ ತುಟಿಯಂಚಿನಲ್ಲಿ ನಗು ಬಂದು ಹೋಯಿತು. ಅಷ್ಟು ಸಾಕಾಯಿತು. ಅಂಜಿನಮ್ಮ ಬಾಗಿಲು ಹಾಕಿ ಟೇಪು ತೆಗೆದರು. ಅದೇ ಬ್ಲೌಸನ್ನು ಅಕ್ಕನಿಗೆ ತೊಡಿಸಿ, ಎರಡೂ ಪಕ್ಕ ಒಳಗೆ ಹಿಡಿದು, ಎಡಗಡೆಗೆ ಮೆತ್ತನೆಯ ಹತ್ತಿ ಬಟ್ಟೆಯನ್ನು ಮಡಿಸಿಟ್ಟು, ಮಡಿಕೆ ಹೆಚ್ಚು ಕಡಿಮೆ ಮಾಡಿ, ಪಿನ್ನು ಚುಚ್ಚಿ, ಕೈಹೊಲಿಗೆ ಹಾಕಿದರು. ಅಷ್ಟು ಹೊತ್ತೂ ಅವರ ಬಾಯಿಂದ ಒಂದೇ ಒಂದು ಮಾತು ಹೊರಡಲಿಲ್ಲ. ಅದೇ ನನಗೆ ದೊಡ್ಡ ಆಶ್ಚರ್ಯ.

ಅಕ್ಕ ಕನ್ನಡಿಯ ಮುಂದೆ ನಿಂತರು. ಬ್ಲೌಸ್ ಎರಡೂ ಕಡೆ ಸಮವಾಗಿ ಕೂತಿತ್ತು. ತುಂಬ ಹೊತ್ತು ನೋಡಿಕೊಂಡು, ಆಮೇಲೆ ಬಿಚ್ಚಿ ಕೊಟ್ಟರು. ಒಳಗೆ ಎರಡು ಪಕ್ಕದಲ್ಲೂ ನಾಲ್ಕು ಬೆರಳು ಬಟ್ಟೆ ಹೆಚ್ಚಾಗಿ ಉಳಿದಿತ್ತು. ಅದನ್ನು ತೆಗೆಯಲು ಅಂಜಿನಮ್ಮ ಕತ್ತರಿ ಎತ್ತಿಕೊಂಡರು.

ಅಕ್ಕ ಅವರ ಕೈ ಹಿಡಿದರು.

"ಕತ್ತರಿಸ್ಬೇಡಿ. ಹಾಗೇ ಒಳಗೇ ಇರ್ಲಿ. ಶರ್ವಾಣಿ ಮದುವೆ ಹೊತ್ತಿಗೆ ನಾನು ದಪ್ಪ ಆಗಿರ್ತೀನಿ. ಆಗ ಹೊಲಿಗೆ ಬಿಚ್ಚಿ ಲೂಸ್ ಮಾಡ್ಕೊಡಿ."