ಮನ್ನಾಜ್ಜಾದವರೆಗೆ ಮಾತ್ರ

ಟೆಲಿಫೋನ್ ಲೈನು ಕಡಿದುಹೋದರೆ ಸೆಲಿನ್ ಬಾಯಿ ಹೆಡ್‌ಫೋನ್ ಕಿತ್ತಿಟ್ಟು “ಉಫ್ಫಾ!” ಎನ್ನುತ್ತಿದ್ದರು. ಮಾತು ಇಟಲಿಯದು, ರಾಗ ಮಾತ್ರ ಮಂಗಳೂರಿನದು. ಎಪ್ಪತ್ತರ ದಶಕದ ಕೊನೆಯಲ್ಲಿ, ಬಹರೈನಿನಲ್ಲಿ ಕಟ್ಟಡ ಕಟ್ಟುತ್ತಿದ್ದ ಇಟಲಿಯ ಕಂಪನಿಯೊಂದರಲ್ಲಿ ಅವರು ಆಪರೇಟರ್, ನಾನು ಟೈಪಿಸ್ಟ್.

ಇಟಲಿಯವರ ಉದ್ಗಾರಗಳನ್ನು ಫೋನಿನಲ್ಲೇ ಕೇಳಿ ಕಲಿತಿದ್ದ ಅವರು, ಶುಕ್ರವಾರ ನಮ್ಮನ್ನು ಸೆಗಯಾ ಬಡಾವಣೆಯ ತಮ್ಮ ಫ್ಲ್ಯಾಟಿಗೆ ಮೀನುಸಾರಿನ ಊಟಕ್ಕೆ ಕರೆದು ಪಾಠ ಮಾಡುತ್ತಿದ್ದರು.

“ಬೇಜಾರಾದ್ರೆ ಉಫ್ಫಾ. ಆಶ್ಚರ್ಯ ಆದ್ರೆ ಕಾಸ್ಪಿತಾ. ಕೆಲಸ ಕೆಟ್ರೆ ಮನ್ನಾಜ್ಜಾ, ನಾವು ‘ಛೆ, ಹಾಳಾದ್ದು’ ಅಂತ ಹೇಳ್ತೇವಲ್ವಾ, ಅಷ್ಟೇ. ಅದಕ್ಕಿಂತ ಮೇಲಿನ ಬೈಗುಳವೂ ನಂಗೆ ಗೊತ್ತುಂಟು. ಆದ್ರೆ ಕಲಿಸುದಿಲ್ಲ.”

ನನ್ನ ಕಾಸ್ಪಿತಾ ಅವರಿಗೆ ಯಾವತ್ತೂ ಒಪ್ಪಿಗೆಯಾಗಲಿಲ್ಲ. “ಹುಬ್ಬು ಎತ್ತಿ ಹೇಳಿ ಮಾರಾಯ್ರೆ, ಪೇಪರ್ ಓದಿದ ಹಾಗೆ ಹೇಳ್ಬೇಡಿ!”

ಒಂದು ಮಧ್ಯಾಹ್ನ ಫೋರ್‌ಮನ್ ಬ್ರೂನೊ, ಉಡುಪಿ ಕಡೆಯ ಬಡಗಿ ಉಮೇಶನನ್ನು ಆಫೀಸಿಗೇ ಎಳೆದುಕೊಂಡು ಬಂದ. ಉಮೇಶ ಹಲಗೆಗಳನ್ನು ತಪ್ಪು ಅಳತೆಗೆ ಕೊಯ್ದಿದ್ದ. ಕೂಗಾಡುತ್ತಾ ಬ್ರೂನೊ ಅವನ ತಾಯಿಯ ಮೇಲೊಂದು ಹೊಲಸು ಮಾತಾಡಿದ. ಉಮೇಶನಿಗೆ ಅರ್ಥವಾಗಲಿಲ್ಲ, ಸೆಲಿನ್ ಬಾಯಿಗೆ ಆಯಿತು. ಎದ್ದು ನಿಂತರು.

“ಈ ಕೋಣೆಯಲ್ಲಿ ಮನ್ನಾಜ್ಜಾದವರೆಗೆ ಮಾತ್ರ,” ಎಂದರು, ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ. “ಅದರಾಚೆ ಇಲ್ಲ. ಇವನ ಕ್ಷಮೆ ಕೇಳಿ.”

ಬ್ರೂನೊ ಬಾಗಿಲನ್ನು ದಡಾರನೆ ಎಳೆದುಕೊಂಡು ಹೋದ. ಸಂಜೆ ಮ್ಯಾನೇಜರು ಸೆಲಿನ್ ಬಾಯಿಯನ್ನು ಕರೆಸಿದರು. ವೀಸಾ ಕಂಪನಿಯ ಕೈಯಲ್ಲಿತ್ತು. ಊರಿಗೆ ಕಳಿಸಿಯೇಬಿಡುತ್ತಾರೆಂದು ನಾವು ಹೆದರಿದೆವು. ಹೊರಗೆ ಬಂದಾಗ ಅವರ ದನಿ ಗಟ್ಟಿಯಾಗಿಯೇ ಇತ್ತು.

“ಬ್ರೂನೊ ಎಂತ ಹೇಳಿದ ಅಂತ ಕೇಳಿದ್ರು. ಆ ಶಬ್ದ ನನ್ನ ಬಾಯಲ್ಲಿ ಬರುದಿಲ್ಲ, ಅವನನ್ನೇ ಕೇಳಿ ಅಂದೆ.”

ಮರುದಿನ ಬೆಳಿಗ್ಗೆ ಬ್ರೂನೊ ಎಲ್ಲರೆದುರು ಹೆಲ್ಮೆಟ್ ತೆಗೆದು, ಉಮೇಶನಿಗೆ “ಸ್ಕೂಸಾಮಿ” ಎಂದ.

ಉಮೇಶ ಕಂಗಾಲಾದ. “ಬಾಯೀ, ಇವ ನಂಗೆ ಸಾಮಿ ಅಂತಾನೆ!”

“ಕ್ಷಮಿಸು ಅಂತ ಹೇಳಿದ್ದು ಮಾರಾಯ. ತಲೆ ಎತ್ತಿ ನಿಲ್ಲು.”

ಆ ದಿನ ನಾವೆಲ್ಲ ತಲೆ ಎತ್ತಿಯೇ ನಡೆದೆವು.

ಕಟ್ಟಡ ಮುಗಿದು ಸೆಲಿನ್ ಬಾಯಿ ಊರಿಗೆ ಹೊರಟಾಗ ಏರ್‌ಪೋರ್ಟಿಗೆ ಬ್ರೂನೊ ಕೂಡ ಬಂದಿದ್ದ. ಸೂಟ್‌ಕೇಸನ್ನು ಯಾರಿಗೂ ಮುಟ್ಟಲು ಬಿಡದೆ ತಾನೇ ಹೊತ್ತ. ಸೆಲಿನ್ ಬಾಯಿ ಗಾಜಿನ ಬಾಗಿಲು ದಾಟಿ ಮರೆಯಾದ ಮೇಲೂ ನಾವು ಅಲ್ಲೇ ನಿಂತಿದ್ದೆವು. ಕಾವಲಿಗಿದ್ದ ಪೊಲೀಸನೊಬ್ಬ ಹತ್ತಿರ ಬಂದು, ಹೋದವರು ನಮ್ಮ ಮನೆಯವರೇ ಎಂದು ಹಿಂದಿಯಲ್ಲಿ ವಿಚಾರಿಸಿದ.

ನಾನು ಬಾಯಿ ತೆರೆಯುವ ಮೊದಲೇ ಉಮೇಶ ಎದೆಯುಬ್ಬಿಸಿ ಉತ್ತರ ಕೊಟ್ಟಾಗಿತ್ತು:

“ಹಾಂ. ಹಮಾರಾ ಅಕ್ಕ.”