ಥ್ರೀಫೇಸ್ ಹೋದ ನಾಲ್ಕು ಸಂಜೆ

ತಾಂಬಾದ ಆ ಗಿರಣಿಯಲ್ಲಿ ಮೋಟರು ತಿರುಗತೊಡಗಿತೆಂದರೆ ಯಾರು ಏನು ಹೇಳಿದರೂ ಯಾರಿಗೂ ಕೇಳಿಸುವುದಿಲ್ಲ. ಬೀಸಿಸಲು ಬಂದವರು ಕೈಯಲ್ಲೇ ಮಾತಾಡುತ್ತಾರೆ. ಎರಡು ಬೆರಳು ಉಜ್ಜಿ ತೋರಿಸಿದರೆ ಹಿಟ್ಟು ಸಣ್ಣಗಿರಲಿ ಅಂತ, ಅಂಗೈ ಅಲ್ಲಾಡಿಸಿದರೆ ಸ್ವಲ್ಪ ತರಿ ಇರಲಿ ಅಂತ. ಈ ಗದ್ದಲಕ್ಕೆ ಅಕ್ಕಪಕ್ಕದ ಮನೆಯವರೆಲ್ಲ ಬೈಯುತ್ತಾರೆ. ರಾಜಶ್ರೀಗೆ ಮಾತ್ರ ಅದು ಬೇಕು. ಯಾಕೆಂದರೆ ಅದರೊಳಗೆ ಕೂತೇ ಅವಳು ಕಾವ್ಯ ಓದುವುದು, ಅದೂ ಗಂಟಲು ಬಿಟ್ಟು.

ಮನಸ್ಸಿನಲ್ಲೇ ಓದಿಕೊಂಡರೆ ಆಗುವುದಿಲ್ಲವಾ ಅಂದರೆ, ಅವಳಿಗೆ ಆಗುವುದಿಲ್ಲ. ಷಟ್ಪದಿ ಬಾಯಿಗೆ ಬರಬೇಕು. ಮೊದಲೆರಡು ಸಾಲು ಗಿಡ್ಡಗೆ ಓಡಿ, ಮೂರನೆಯದು ಉದ್ದಕ್ಕೆ ಎಳೆದುಕೊಂಡು ಹೋಗಿ, ಇನ್ನೇನು ಉಸಿರು ಮುಗಿಯಿತು ಅನ್ನುವಲ್ಲಿ ನಿಲ್ಲುತ್ತದಲ್ಲ, ಅಲ್ಲಿದೆ ಅವಳ ಸುಖ. ಅದನ್ನು ಅವಳು ಕಲಿತದ್ದು ತವರೂರು ಇಂಗಳೇಶ್ವರದಲ್ಲಿ. ಅಪ್ಪ ಬಸಂತರಾಯ ಶ್ರಾವಣದಲ್ಲಿ ಪುರಾಣ ಓದುತ್ತಿದ್ದರು, ಇವಳು ಪಕ್ಕದಲ್ಲಿ ಕೂತು ಹಾಳೆ ತಿರುವುತ್ತಿದ್ದಳು. ಮದುವೆಯಾಗಿ ಬರುವಾಗ ಅಪ್ಪನ ದಪ್ಪ ಪುಸ್ತಕ ಕೇಳಿ ತಂದಳು. ರಟ್ಟು ಕಿತ್ತುಹೋದ ಮೇಲೆ ಅದಕ್ಕೆ ಹಳೇ ಚೀಲದ ಬಟ್ಟೆ ಹೊಲಿದಿದ್ದಾಳೆ. ಓದುವ ಮುಂಚೆ ಪ್ರತಿ ಹಾಳೆಯ ಮೇಲಿನ ಹಿಟ್ಟನ್ನು ಊದಬೇಕು. ಅರ್ಥವಾಗದ ಪದ ಬಂದರೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತಾಳೆ. ಮೋಟರಿನ ಪಟ್ಟಾ ತರಲು ಇಂಡಿಗೆ ಹೋದಾಗ ಗ್ರಂಥಾಲಯದಲ್ಲಿ ಅರ್ಧ ತಾಸು ನಿಘಂಟು ತೆರೆದು ಕೂರುವುದು, ಬರುವಾಗ ಬಸ್ಸಿನಲ್ಲಿ ಆ ಪದಗಳನ್ನು ಕಿಟಕಿಗೆ ಹೇಳಿಕೊಳ್ಳುವುದು, ವರ್ಷಕ್ಕೆ ಎರಡು ಸಲದ ಹಬ್ಬ ಅದು.

ಅತ್ತೆ ಶೇವಂತೆವ್ವ ಒಮ್ಮೆ ಗೋಡೆಯ ಮೇಲಿನ ಪಟ್ಟಿ ನೋಡಿ, "ಇವರೆಲ್ಲಾ ಯಾವೂರ ಗಿರಾಕಿಗೋಳ?" ಎಂದು ಕೇಳಿದ್ದಳು.

"ದೂರದವ್ರು ಅತ್ತಿ."

"ಕಾಳ ಇಟ್ಟ ಹೋಗ್ಯಾರೇನು?"

"ಇಲ್ಲರಿ, ಇನ್ನಾ ಬರೂದೈತಿ."

ಗಿರಣಿಯ ಬದುಕು ಅಂದರೆ ಕರೆಂಟಿನ ಬದುಕು. ಮನೆಯ ದೀಪಕ್ಕೆ ಇಡೀ ದಿನ ಕರೆಂಟ್ ಇದ್ದರೂ ಮೋಟರಿಗೆ ಥ್ರೀಫೇಸ್ ಬೇಕು, ಅದು ಬರುವ ಹೊತ್ತು ಬೇರೆ. ಈ ಸಲ ಮಧ್ಯಾಹ್ನ ಮೂರರಿಂದ ರಾತ್ರಿ ಎಂಟೂವರೆವರೆಗೆ. ಆ ಹೊತ್ತಿನಲ್ಲಿ ರಾಜಶ್ರೀ ಗಿರಣಿ ಬಿಟ್ಟು ಕದಲುವಂತಿಲ್ಲ. ಸಿಂದಗಿಯಲ್ಲಿ ಅಕ್ಕನ ಮಗಳ ಮದುವೆಗೆ ಅಕ್ಕಿಕಾಳು ಹಾಕಿ ಊಟಕ್ಕೂ ನಿಲ್ಲದೆ ಬಂದಿದ್ದಳು. ಗಂಡ ಪರಮಾನಂದ ತಾಂಬಾಕ್ಕೂ ಇಂಡಿಗೂ ಟಂಟಂ ರಿಕ್ಷಾ ಓಡಿಸುತ್ತಾನೆ. ಕಲ್ಲು ಎಷ್ಟು ಬಿಗಿ ಮಾಡಬೇಕು, ಹಿಟ್ಟು ಎಷ್ಟು ಬಿಸಿಯಾದರೆ ಮೋಟರು ನಿಲ್ಲಿಸಬೇಕು ಅನ್ನುವುದು ಹದಿನಾರು ವರ್ಷದಿಂದ ಅವಳ ಅಂಗೈಗೆ ಮಾತ್ರ ಗೊತ್ತು. ಕೆಲಸ ಚೆನ್ನಾಗಿ ಕಲಿತದ್ದೇ ತಪ್ಪಾಯಿತೇನೋ ಎಂದು ಅವಳಿಗೆ ಒಮ್ಮೊಮ್ಮೆ ಅನಿಸುತ್ತದೆ.

ಶ್ರಾವಣ ಹತ್ತಿರ ಬಂದಿತ್ತು. ಒಂದು ಸಂಜೆ ಸಂಗಣ್ಣ ಜೋಳದ ಡಬ್ಬಿ ಹೊತ್ತು ಬಂದ. ಊರ ಮಠದಲ್ಲಿ ಪುರಾಣ ಹಚ್ಚಿದಾಗ ಒಬ್ಬರು ಪದ್ಯ ಓದಿದರೆ ಇನ್ನೊಬ್ಬರು ಅರ್ಥ ಹೇಳಬೇಕು. ಅರ್ಥ ಹೇಳುವವನು ಈ ಸಂಗಣ್ಣ. ಹೆಂಡತಿ ಯಲ್ಲವ್ವನಿಗೆ ಮೊಣಕಾಲು ನೋವು, ಅದಕ್ಕೇ ಅವನೇ ಡಬ್ಬಿ ಹೊತ್ತಿದ್ದ. ಸಾಲಿನಲ್ಲಿ ಇನ್ನೂ ನಾಲ್ಕೈದು ಹೆಂಗಸರು. ರಾಜಶ್ರೀ ಅವರಿಗೆ ಬೆನ್ನು ಮಾಡಿ, ಒಂದು ಕೈ ಬೀಳುವ ಹಿಟ್ಟಿಗೆ ಹಿಡಿದು, ಮೊಣಕಾಲ ಮೇಲಿನ ಪುಸ್ತಕ ಓದುತ್ತಿದ್ದಳು. ಅದರಲ್ಲಿ ರಾಣಿಯನ್ನು ಕಾಡಿಗೆ ಕಳಿಸುವ ಭಾಗ. ಮೂರನೆಯ ಸಾಲನ್ನು ಎಳೆದು ಮೇಲಕ್ಕೆ ಒಯ್ದಿದ್ದಳು, ಅಷ್ಟರಲ್ಲಿ ಕರೆಂಟ್ ಹೋಯಿತು.

ಮೋಟರು ನಿಂತಿತು. ಅವಳ ದನಿ ನಿಲ್ಲಲಿಲ್ಲ. ಇನ್ನೂ ಎರಡು ಸಾಲು ಅದು ತಗಡಿನ ಮಾಡಿಗೆ ಬಡಿದು, ಹೊರಗಿನ ಕಟ್ಟೆಯವರೆಗೆ ಹೋಯಿತು. ಆಮೇಲೆ ಅವಳಿಗೆ ತಿಳಿಯಿತು. ತಿರುಗಿ ನೋಡಿದರೆ ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ಓದವಾ, ಯಾಕ ನಿಂತಿ?" ಎಂದ ಸಂಗಣ್ಣ.

"ಏನಿಲ್ರಿ ಕಾಕಾ, ಸುಮ್ಮ ಹೊತ್ತ ಹೋಗ್ಲಿ ಅಂತ."

"ಹೊತ್ತ ಹೋಗಾಕ ಹಿಂಗ ಓದತಾರೇನು? ಯಾರ ಕಲಿಸಿದ್ರು?"

"ನಮ್ಮಪ್ಪರಿ."

ಸಂಗಣ್ಣ ಡಬ್ಬಿ ಕೆಳಗಿಟ್ಟ. "ನಮ್ಮ ಓದವ್ರು ಕಣ್ಣಿನ ಆಪರೇಶನ್ ಮಾಡಿಸ್ಕೊಂಡಾರ. ಹನ್ನೊಂದ ದಿನ ಇದ ಪುರಾಣ ಐತಿ, ಸಂಜಿ ಆರರಿಂದ ಎಂಟು. ನೀ ಬಾ. ಹೆಣ್ಣಮಗಳು ಓದಬಾರದು ಅಂತ ಯಾರರ ಅಂದ್ರ ಅವ್ರನ್ನ ನಾ ನೋಡ್ಕೋತೇನಿ."

ಆರರಿಂದ ಎಂಟು ಅಂದರೆ ಥ್ರೀಫೇಸಿನ ನಟ್ಟನಡು ಹೊತ್ತು. ರಾಜಶ್ರೀ, "ಮನ್ಯಾಗ ಕೇಳಿ ಹೇಳ್ತೇನ್ರಿ," ಎಂದಳು. ಅವಳು ಅಷ್ಟು ಆಸೆಪಟ್ಟದ್ದು ಬೇರೆ ಯಾವುದೂ ಇರಲಿಲ್ಲ.

ಊಟಕ್ಕೆ ಕೂತಾಗ ಮಾತು ತೆಗೆದಳು. ಶೇವಂತೆವ್ವ ರೊಟ್ಟಿ ಮುರಿಯುತ್ತಾ ಹೇಳಿದಳು, "ಹೋಗವಾ, ನಾ ಏನ ನಿನ್ನ ಕಟ್ಟಿ ಹಾಕೇನೇನು? ಮೋಟರ ನಾನ ಒತ್ತತೇನಿ. ಒಂದೆರಡ ಬೆರಳ ಹ್ವಾದ್ರ ಹೋಗ್ಲಿ, ಈ ವಯಸ್ಸಿನಾಗ ಬೆರಳ ತಗೊಂಡ ಏನ ಮಾಡೂದೈತಿ."

ರಾಜಶ್ರೀ ಗಂಡನ ಕಡೆ ನೋಡಿದಳು. "ಹನ್ನೊಂದ ದಿನ ನೀವು ಲಗೂನ ಬಂದ್ರ ಆಗೂದಿಲ್ಲೇನ್ರಿ?"

"ಮಂದಿ ಇಂಡಿಯಿಂದ ಊರಿಗಿ ಬರೂದ ಆ ಟೈಮಿಗಿ. ಟಂಟಂ ಬಿಟ್ಟ ಗಿರಣ್ಯಾಗ ಕುಂದರ್ಲೇನು?"

"ಹಂಗಾರ ಹೋಗೂದ ಬ್ಯಾಡಂತೀರಿ."

"ಬ್ಯಾಡ ಅಂದೆನೇನ ನಾ? ಕರೆಂಟ್ ಇರದಾಗ ಹೋಗು, ಯಾರ ಹಿಡದಾರ?"

ನೋಡಿ, ಅದೇ ಕಷ್ಟ. ಯಾರಾದರೂ ಬೇಡ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಎಲ್ಲರೂ ಹೋಗು ಅನ್ನುತ್ತಿದ್ದರು, ಹೋಗಲು ದಾರಿ ಇರಲಿಲ್ಲ.

ಪುರಾಣ ಶುರುವಾದ ದಿನ ಸಂಗಣ್ಣ ತಾನೇ ತಡವರಿಸುತ್ತ ಓದಿ, ತಾನೇ ಅರ್ಥ ಹೇಳಿದ. ಮೂರನೆಯ ದಿನ ಮಧ್ಯಾಹ್ನ ಊರ ಟೀಸಿ, ಅಂದರೆ ಟ್ರಾನ್ಸ್‌ಫಾರ್ಮರು, ಢಬ್ಬೆಂದು ಸುಟ್ಟುಹೋಯಿತು. ಥ್ರೀಫೇಸೂ ಇಲ್ಲ, ಮನೆಯ ದೀಪವೂ ಇಲ್ಲ. ಹೊಸದು ಬರುವುದಕ್ಕೆ ಎಷ್ಟು ದಿನವೋ ಎಂದು ಇಡೀ ಊರು ತಲೆ ಮೇಲೆ ಕೈಹೊತ್ತು ಕೂತಿತು. ರಾಜಶ್ರೀ ಮುಖ ತೊಳೆದು, ಕೂದಲಿನ ಹಿಟ್ಟು ಕೊಡವಿ, ಪುಸ್ತಕ ಎತ್ತಿಕೊಂಡಳು. ಶೇವಂತೆವ್ವ ಅವಳನ್ನು ಅಡಿಯಿಂದ ಮುಡಿತನಕ ನೋಡಿ, ಗಿರಣಿಗೆ ಬೀಗ ಹಾಕಿದಳು.

ಮಠದಲ್ಲಿ ಕಂದೀಲು ಇಟ್ಟಿದ್ದರು. ಮೈಕ್ ಇರಲಿಲ್ಲ, ಅವಳಿಗೆ ಬೇಕಾಗಿಯೂ ಇರಲಿಲ್ಲ. ಇಷ್ಟು ವರ್ಷ ಮೋಟರಿನ ಮೇಲೆ ಓದಿದ ದನಿ ಅದು. ಮೊದಲ ಪದ್ಯಕ್ಕೇ ಹಿಂದಿನ ಸಾಲಿನಲ್ಲಿ ಹರಟುತ್ತಿದ್ದ ಗಂಡಸರು ಬಾಯಿ ಮುಚ್ಚಿದರು. ಎರಡನೆಯ ಸಂಜೆ ಜಾಗ ಸಾಲಲಿಲ್ಲ. ಮೂರನೆಯ ಸಂಜೆ ರಾಣಿಯನ್ನು ರಥದಿಂದ ಇಳಿಸುವಾಗ ಗಿರಣಿಯ ಗಿರಾಕಿ ಸಾವಿತ್ರವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಓದಿದ್ದು ಹೀಗೆ ಇನ್ನೊಬ್ಬರ ಮುಖದ ಮೇಲೆ ಕಾಣಿಸುತ್ತದೆ ಅನ್ನುವುದನ್ನು ರಾಜಶ್ರೀ ಮರೆತೇಬಿಟ್ಟಿದ್ದಳು. ಹಗಲೆಲ್ಲ ಊರಿನವರ ಜೊತೆ ಅವಳೂ, "ಟೀಸಿ ಯಾವಾಗ ಬರ್ತೈತೋ ಏನೋ" ಅನ್ನುತ್ತಿದ್ದಳು. ಒಳಗೊಳಗೆ ಪುರಾಣ ಮುಗಿಯುವವರೆಗೆ ಬರದಿರಲಿ ಅನ್ನುತ್ತಿದ್ದಳು. ಹನ್ನೊಂದನೆಯ ದಿನದ ಮಂಗಳದ ಪದ್ಯ ತಾನೇ ಓದಬೇಕು. ಅಪ್ಪನ ಹಾಗೆ ಪುಸ್ತಕ ಹಣೆಗೆ ಮುಟ್ಟಿಸಿ ಏಳಬೇಕು. ಅಷ್ಟೇ.

ನಾಲ್ಕನೆಯ ಸಂಜೆ ರಾಣಿ ಕಾಡಿನ ಹೊಳೆಯ ದಂಡೆಗೆ ಬಂದು ನಿಂತಿದ್ದಳು. ರಾಜಶ್ರೀ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮಠದ ಟ್ಯೂಬ್‌ಲೈಟ್ ಪಕಪಕ ಎಂದು ಹತ್ತಿಕೊಂಡಿತು. ಹೊರಗೆ ಹುಡುಗರು ಕೇಕೆ ಹಾಕಿದರು.

ಅವಳು ಓದುತ್ತಲೇ ಇದ್ದಳು. ಶೇವಂತೆವ್ವ ಕರೆಯಲು ಬರುತ್ತಾಳೆ ಎಂದು ಬಾಗಿಲ ಕಡೆ ಒಂದು ಕಣ್ಣಿಟ್ಟಿದ್ದಳು. ಅತ್ತೆ ಬರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಸಾವಿತ್ರವ್ವ ಎದ್ದಳು. ಅವಳ ಹಿಂದೆ ಹುಲಿಗೆವ್ವ ಎದ್ದಳು. ಸೆರಗು ಕೊಡವಿಕೊಂಡು ಒಬ್ಬೊಬ್ಬರಾಗಿ ಹೆಂಗಸರೆಲ್ಲ ಎದ್ದರು.

"ಎಲ್ಲಿಗಿ ಹೊಂಟ್ರಬೇ? ಪದ್ಯ ಮುಗೀಲಿ," ಎಂದ ಸಂಗಣ್ಣ.

"ನಾಕ ದಿನ ಆತರಿ ಬರೇ ಅನ್ನ ಉಣ್ಣಾಕತ್ತಿ, ರೊಟ್ಟಿಗಿ ಮನ್ಯಾಗ ಹಿಡಿ ಹಿಟ್ಟಿಲ್ಲ," ಎಂದಳು ಹುಲಿಗೆವ್ವ. ಆಮೇಲೆ ರಾಜಶ್ರೀ ಕಡೆ ತಿರುಗಿ, "ಭಾಳ ಚಂದ ಓದ್ತಿ ತಂಗಿ. ಲಗೂ ಬಾ, ಪಾಳಿ ಹಚ್ಚಿರ್ತೇವಿ."

ಸಂಗಣ್ಣ ಅವಳನ್ನು ನೋಡಿದ. "ನಾಳಿಗಿ?"

"ನಾಳಿಗಿ ಎಂಟೂವರಿ ಮಟಾ ಕರೆಂಟ್ ಇರ್ತೈತ್ರಿ ಕಾಕಾ."

ಅವಳು ಹಾಳೆಯ ಮೂಲೆ ಮಡಿಸಿದಳು, ಮತ್ತೆ ಬಿಡಿಸಿದಳು. ತನ್ನ ಪುಸ್ತಕವನ್ನು ಅದೇ ಪುಟಕ್ಕೆ ತೆರೆದು ಅವನ ಮುಂದೆ ವ್ಯಾಸಪೀಠದ ಮೇಲಿಟ್ಟಳು. "ಮುಗಿಯೂ ಮಟಾ ಇಲ್ಲೇ ಇರ್ಲಿ. ಇದರಾಗ ಅಕ್ಷರ ದೊಡ್ಡವ ಅದಾವರಿ."

ಗಿರಣಿಯ ಮುಂದೆ ಡಬ್ಬಿಗಳ ಸಾಲು ಮೂಲೆಯ ಮನೆಯವರೆಗೆ ಹೋಗಿತ್ತು. ಶೇವಂತೆವ್ವ ಬೀಗ ತೆಗೆದು ಕಟ್ಟೆಯ ಮೇಲೆ ಕೂತಿದ್ದಳು. ಮೊದಲ ಡಬ್ಬಿ ಸಾವಿತ್ರವ್ವನದು. ಅವಳು ಅದನ್ನು ರಾಜಶ್ರೀ ಕೈಗೆ ಕೊಡುತ್ತ, "ಹೊಳಿ ದಾಟಿದ್ಲೇನವಾ ಆಕಿ?" ಎಂದು ಕೇಳಿದಳು.

"ಗೊತ್ತಿಲ್ಲವ್ವ," ಎಂದಳು ರಾಜಶ್ರೀ, ಆ ಕಾವ್ಯವನ್ನು ಅದೆಷ್ಟೋ ಸಲ ಓದಿದವಳು. "ಸಣ್ಣಗ ಬೀಸ್ಲೋ, ತರಿ ಇರ್ಲೋ?"